ನಿಲ್ಲಿಸಿಟ್ಟ ಬಾಟಲಿಗಳು

ಕಾಂದಿವಲಿಯ ಆ ಇಟಾಲಿಯನ್ ರೆಸ್ಟೊರೆಂಟಿನ ಉದ್ಘಾಟನೆಯ ಸಂಜೆ ಏನಾಯಿತು ಎಂದು ಮುಂಬೈಯ ಹೋಟೆಲಿನವರಲ್ಲಿ ಯಾರನ್ನು ಬೇಕಾದರೂ ಕೇಳಿ, ಒಂದೇ ಕತೆ ಹೇಳುತ್ತಾರೆ. ಗ್ರಾಂಟ್ ರೋಡಿನ ಬಾರಿನಲ್ಲಿ ಬಿಯರ್ ಹಾಕಿ ಹಾಕಿ ಪಳಗಿದ್ದ ಹಳೆಯ ಕ್ಯಾಪ್ಟನ್ ಒಬ್ಬ ಇಟಲಿಯ ವೈನನ್ನೂ ಬಿಯರ್ ಎಂದೇ ತಿಳಿದು, ದೊಡ್ಡವರೆಲ್ಲ ಕೂತಿದ್ದಾಗ ಬಾಟಲಿಯನ್ನು ಬೋರಲು ಮಾಡಿ ನೀರಿಗೆ ಅದ್ದಿದನಂತೆ. ಗ್ಲಿಸರಿನ್ ತೆಗೆಯಲು! ವೈನ್ ಉಕ್ಕಿ ಮಾಲೀಕರ ಅತ್ತಿಗೆಯ ರೇಷ್ಮೆ ಸೀರೆಗೆ ಹಾರಿತಂತೆ. ಅಂಥವನನ್ನು ತೆಗೆದುಹಾಕದೆ ಇನ್ನೇನು ಮಾಡುತ್ತಾರೆ? ಇಲ್ಲಿಗೆ ಬಂದಾಗ ಕೇಳುವವರು ನಗಬೇಕು. ನಗುತ್ತಾರೆ ಕೂಡ.

ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ನಿಂತವಳು. ಎದುರಿನವರ ವಾದವನ್ನು ಒಡೆಯುವ ಮೊದಲು ಅದರಲ್ಲಿ ಒಪ್ಪಬೇಕಾದದ್ದು ಎಷ್ಟಿದೆ ಎಂದು ಬೇರ್ಪಡಿಸಿಕೊಳ್ಳುವುದು ಅಲ್ಲಿ ಅಂಟಿದ ಅಭ್ಯಾಸ. ಆದ್ದರಿಂದ ಒಪ್ಪುತ್ತೇನೆ: ವೈನ್ ಉಕ್ಕಿದ್ದು ನಿಜ. ಸೀರೆ ಒದ್ದೆಯಾದದ್ದು ನಿಜ. ಬಾಟಲಿಯನ್ನು ನೀರಿನೊಳಗೆ ತಲೆಕೆಳಗಾಗಿ ತೆರೆದದ್ದೂ ನಿಜ. ಆದರೆ ಆ ಬಾಟಲಿಯನ್ನು ತೆರೆಯುವ ಸರಿಯಾದ ರೀತಿಯೇ ಅದು. ಕಲಿಸಿದವಳು ನಾನು. ಉಳಿದ ಕತೆಯ ಬಗ್ಗೆ ನನಗೆ ತಕರಾರಿದೆ.

ವಿದೇಶದಿಂದ ವೈನ್ ತರಿಸುವ ಕಂಪನಿಯೊಂದರಲ್ಲಿ ನನ್ನ ಕೆಲಸ. ನಮ್ಮಿಂದ ವೈನ್ ಕೊಳ್ಳುವ ಹೋಟೆಲುಗಳಿಗೆ ಹೋಗಿ, ಅದು ಏನು, ಹೇಗೆ ಮಾಡುತ್ತಾರೆ, ಹೇಗೆ ಇಡಬೇಕು, ಹೇಗೆ ತೆರೆಯಬೇಕು ಎಂದು ಅಲ್ಲಿನವರಿಗೆ ಹೇಳಿಕೊಡುವುದು. ದಹಿಸರದ ನಮ್ಮ ಮನೆಯಲ್ಲಿ ಅಪ್ಪ ಇದನ್ನು ಧಾರವಾಡದ ಬಂಧುಗಳಿಗೆ ‘ಟ್ರೈನಿಂಗ್ ಡಿಪಾರ್ಟ್‌ಮೆಂಟ್’ ಎಂದಷ್ಟೇ ಹೇಳುತ್ತಾರೆ. ಯಾವುದರ ಟ್ರೈನಿಂಗ್ ಎಂದು ಪುಣ್ಯಕ್ಕೆ ಇನ್ನೂ ಯಾರೂ ಕೇಳಿಲ್ಲ. ಕಾಂದಿವಲಿಗೆ ನನ್ನನ್ನು ಕಳಿಸಿದ್ದಕ್ಕೆ ಒಂದೇ ಕಾರಣ: ನನಗೆ ಕನ್ನಡ ಬರುತ್ತದೆ, ಆ ಮಾಲೀಕರಿಗೆ ಇಂಗ್ಲಿಷಿನಲ್ಲಿ ಪಾಠ ಕೇಳುವ ತಾಳ್ಮೆ ಇರಲಿಲ್ಲ.

ಮಾಲೀಕರು ಉಡುಪಿ ಕಡೆಯವರು. ಗ್ರಾಂಟ್ ರೋಡಿನಲ್ಲಿ ಅವರ ತಂದೆಯ ಕಾಲದ ಬಾರ್ ಇತ್ತು. ಆ ಬಿಲ್ಡಿಂಗ್ ರಿಡೆವಲಪ್‌ಮೆಂಟಿಗೆ ಹೋಯಿತು. ಬಾರ್ ಮುಚ್ಚಿ, ಕಾಂದಿವಲಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಖಾಲಿ ಬಿದ್ದಿದ್ದ ಕಾರ್ಖಾನೆಯ ಜಾಗ ಹಿಡಿದು, ಇಟ್ಟಿಗೆ ಗೋಡೆಗೆ ಸುಣ್ಣ ಕೂಡ ಬಳಿಯದೆ ಅದನ್ನೇ ಅಂದವೆಂದು ಉಳಿಸಿ, ಇಟಾಲಿಯನ್ ರೆಸ್ಟೊರೆಂಟ್ ಮಾಡಲು ಹೊರಟಿದ್ದರು. ಹಳೆಯ ಬಾರಿನ ವೇಟರುಗಳೆಲ್ಲ ಅಲ್ಲಿ ಇಲ್ಲಿ ಚದುರಿದರು. ಒಬ್ಬರನ್ನು ಮಾತ್ರ ಮಾಲೀಕರು ಜೊತೆಗೆ ತಂದಿದ್ದರು, ಅದೂ ನೋಡೋಣ ಎಂಬ ಷರತ್ತಿನ ಮೇಲೆ. ಅವರೇ ಕ್ಯಾಪ್ಟನ್. ಹೋಟೆಲ್ ಭಾಷೆಯಲ್ಲಿ ಕ್ಯಾಪ್ಟನ್ ಎಂದರೆ ವೇಟರುಗಳ ಮೇಲಿನವರು, ಆರ್ಡರ್ ತೆಗೆದುಕೊಳ್ಳುವವರು, ಗಿರಾಕಿಯ ಮುಖ ನೋಡಿಯೇ ಮನಸ್ಸು ಓದುವವರು.

ಮೊದಲ ದಿನವೇ ಮಾಲೀಕರು ನನ್ನೆದುರಿಗೇ ಅವರಿಗೆ ಹೇಳಿದರು: “ಉದ್ಘಾಟನೆ ಆಗ್ಲಿ. ಬರುವ ದೊಡ್ಡ ಜನರ ಮುಂದೆ ಫ್ಲೋರ್‌ನಲ್ಲಿ ನಿಂತು ತೋರಿಸಿದರೆ ನೀನು ಇಲ್ಲೇ. ಇಲ್ಲದಿದ್ರೆ ಊರಲ್ಲಿ ತಮ್ಮನ ಅಂಗಡಿ ಉಂಟಲ್ಲ ನಿನಗೆ.”

“ಆಯ್ತು ಧನಿ,” ಎಂದರು ಕ್ಯಾಪ್ಟನ್. ಮಾಲೀಕರನ್ನು ಅವರು ಧನಿ ಎಂದೇ ಕರೆಯುತ್ತಿದ್ದರು. ಆಮೇಲೆ ನನ್ನ ಬಳಿ, ಗ್ಲಾಸು ಒರೆಸುತ್ತ, “ತಮ್ಮನ ಅಂಗಡಿಯಲ್ಲಿ ನಾನು ಕೂತಿರ್ಬೇಕು, ಗಿರಾಕಿ ನಿಂತಿರ್ತಾನೆ. ನನಗೆ ಅದು ಆಗುದಿಲ್ಲ ಟೀಚರ್. ಗಿರಾಕಿ ಕೂತಿರ್ಬೇಕು, ನಾನು ನಿಲ್ಬೇಕು. ಬೇರೆ ಎಂತದೂ ಬರುದಿಲ್ಲ ನನಗೆ,” ಎಂದರು.

ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ನಮ್ಮ ಕಡೆ ಚಿಕ್ಕಪ್ಪನಿಗೆ ಅನ್ನುವುದು ಹಾಗೆಯೇ. “ನಮ್ಮಲ್ಲಿ ಕಾ ಕಾ ಅಂತ ಕರೆಯುದು ಕಾಗೆ ಮಾತ್ರ,” ಎಂದು ನಗಾಡುತ್ತಿದ್ದರು. ಆದರೆ ಓಗೊಡುತ್ತಿದ್ದರು.

ಮೊದಲ ಪಾಠದಲ್ಲೇ ನಮ್ಮಿಬ್ಬರಿಗೂ ಜಗಳವಾಯಿತು, ಗ್ಲಿಸರಿನ್ ಬಗ್ಗೆ. ಕೆಡದಿರಲೆಂದು ಬಿಯರಿಗೆ ಗ್ಲಿಸರಿನ್ ಬೆರೆಸುತ್ತಾರೆ, ಮರುದಿನದ ತಲೆನೋವಿಗೆ ಅದೇ ಕಾರಣ ಎಂದು ನಂಬಿದವರು ಈ ಊರಿನಲ್ಲಿ ಲೆಕ್ಕವಿಲ್ಲ. ಮುಚ್ಚಳ ಕಿತ್ತು, ಬಾಯಿಗೆ ಹೆಬ್ಬೆರಳು ಒತ್ತಿ, ಬಾಟಲಿಯನ್ನು ಬೋರಲು ಮಾಡಿ ನೀರಿನ ಜಗ್ಗಿಗೆ ಅದ್ದಿ ಬೆರಳು ಸರಿಸಿದರೆ, ಎಳೆ ಎಳೆಯಾಗಿ ಏನೋ ಕೆಳಗಿಳಿಯುವುದು ಕಾಣುತ್ತದೆ. ಅದು ಗ್ಲಿಸರಿನ್ ಅಲ್ಲ. ನೀರಿಗಿಂತ ತುಸು ಭಾರವಾದ ಬಿಯರೇ ಹಾಗೆ ಇಳಿಯುವುದು. ಗ್ರಾಂಟ್ ರೋಡಿನಲ್ಲಿ ಕ್ಯಾಪ್ಟನ್ ಇದನ್ನು ಪ್ರತಿ ಟೇಬಲ್ಲಿಗೂ ಮಾಡುತ್ತಿದ್ದರು. ಅವರ ಕೈ ನೋಡಲೆಂದೇ ಬರುವ ಗಿರಾಕಿಗಳಿದ್ದರಂತೆ.

“ಅದು ಬರೇ ಬಿಯರ್ ಕಾಕಾ, ಗ್ಲಿಸರಿನ್ ಅಲ್ಲ,” ಎಂದೆ.

“ಉಂಟೋ ಇಲ್ವೋ, ಅದು ಹೋಗುದು ಗಿರಾಕಿಗೆ ಕಾಣ್ಬೇಕು. ಕಂಡರೆ ಅವನಿಗೆ ಮರುದಿನ ತಲೆನೋವಿಲ್ಲ.”

“ಹಂಗಾದ್ರ ಇದು ಮೋಸ ಆತಲ್ಲ?”

“ಮೋಸ ಆದ್ರೆ ಬಿಲ್ಲಿಗೆ ಹಾಕ್ತಿದ್ದೆ ಮಾರಾಯ್ತಿ!”

ಈ ಜಗಳ ಮುಗಿಸಿದವರು ಮಾಲೀಕರು. ಹೊಸ ಜಾಗದಲ್ಲಿ ಆ ಜಗ್ಗನ್ನೇ ನಿಷೇಧಿಸಿದ್ದರು. “ಗ್ರಾಂಟ್ ರೋಡಿನ ಒಂದು ಚಮಚೆ ಕೂಡ ಇಲ್ಲಿಗೆ ಬರ್ಬಾರ್ದು,” ಎನ್ನುತ್ತಿದ್ದರು. ಚಮಚೆ ಯಾವುದೂ ಬರಲಿಲ್ಲ. ಕ್ಯಾಪ್ಟನ್ ಒಬ್ಬರೇ ಬಂದಿದ್ದರು, ಆ ಮಾತು ಅವರಿಗೂ ಕೇಳಿಸುತ್ತಿತ್ತು.

ನೊರೆವೈನಿನ ಪಾಠ ಬಂದಾಗ ಮಾಲೀಕರು ಶುರುವಿನಲ್ಲೇ ತೀರ್ಪು ಕೊಟ್ಟರು: “ಎಲ್ಲಾ ಶಾಂಪೇನೇ ಅಲ್ವಾ?”

ಅಲ್ಲ. ಶಾಂಪೇನ್ ಫ್ರಾನ್ಸಿನ ಒಂದು ಪ್ರದೇಶದ್ದು. ಇಟಲಿಯ ನೊರೆವೈನಿನಲ್ಲಿ ಎರಡು ದಾರಿಗಳಿವೆ. ಎರಡರಲ್ಲೂ ಮೊದಲು ನೊರೆಯಿಲ್ಲದ, ಹುಳಿ ಜಾಸ್ತಿಯಿರುವ ಸಾದಾ ವೈನ್ ಮಾಡಿಕೊಂಡು, ಅದಕ್ಕೆ ಸಕ್ಕರೆ ಮತ್ತು ಯೀಸ್ಟ್ ಸೇರಿಸಿ ಎರಡನೆಯ ಸಲ ಹುದುಗಲು ಬಿಡುತ್ತಾರೆ. ಹುದುಗುವಾಗ ಹುಟ್ಟುವ ಅನಿಲ ಹೊರಹೋಗಲು ಜಾಗವಿಲ್ಲದೆ ವೈನಿನಲ್ಲೇ ಕರಗುತ್ತದೆ. ನೊರೆ ಅಂದರೆ ಅದೇ. ಸೋಡಾದಂತೆ ಹೊರಗಿನಿಂದ ತುಂಬುವುದಲ್ಲ. ಪ್ರೊಸೆಕೊ ಎಂದು ಹೆಚ್ಚಾಗಿ ಸಿಗುವುದರಲ್ಲಿ ಈ ಎರಡನೆಯ ಹುದುಗು ದೊಡ್ಡ ಉಕ್ಕಿನ ಟ್ಯಾಂಕಿನಲ್ಲಿ ಆಗುತ್ತದೆ; ಆಮೇಲೆ ಸೋಸಿ ಬಾಟಲಿಗೆ ತುಂಬುತ್ತಾರೆ. ಬೇಗ ಆಗುತ್ತದೆ, ಹಣ್ಣಿನ ತಾಜಾತನ ಉಳಿಯುತ್ತದೆ. ಇನ್ನೊಂದು ಹಳೆಯ ದಾರಿ. ಅದನ್ನು ಅವರು ಮೆತೊದೊ ಕ್ಲಾಸಿಕೊ ಎನ್ನುತ್ತಾರೆ. ಅದರಲ್ಲಿ ಒಂದೊಂದು ಬಾಟಲಿಯೊಳಗೂ ಪ್ರತ್ಯೇಕವಾಗಿ ಹುದುಗು ನಡೆಯುತ್ತದೆ, ವರ್ಷಗಟ್ಟಲೆ ಹಾಗೇ ಮಲಗಿಸಿಡುತ್ತಾರೆ.

“ಅಂದ್ರೆ ಒಂದು ಮದುವೆಮನೆ ಹಂಡೆ, ಇನ್ನೊಂದು ಒಬ್ಬೊಬ್ಬನಿಗೆ ಒಂದೊಂದು ಕುಕ್ಕರ್,” ಎಂದರು ಕ್ಯಾಪ್ಟನ್.

ಸರಿಯಾಗಿತ್ತು. ಆದರೆ ಕುಕ್ಕರಿನಲ್ಲಿ ಒಂದು ತೊಂದರೆ ಇದೆ. ಕೆಲಸ ಮುಗಿಸಿದ ಯೀಸ್ಟ್ ಸತ್ತು, ಬಾಟಲಿಯೊಳಗೇ ಗಷ್ಟಾಗಿ ಕೂರುತ್ತದೆ. ರುಚಿ ಬರುವುದು ಅದರಿಂದಲೇ, ಆದರೆ ಗ್ಲಾಸಿಗೆ ಅದು ಬರಬಾರದು. ಅದಕ್ಕಾಗಿ ಬಾಟಲಿಗಳನ್ನು ಓರೆ ಹಲಗೆಗಳಲ್ಲಿ ಕುತ್ತಿಗೆ ಕೆಳಗಾಗಿ ಸಿಕ್ಕಿಸಿ, ದಿನಾ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಗಷ್ಟನ್ನೆಲ್ಲ ಬಾಯಿಗೆ ಇಳಿಸುತ್ತಾರೆ. ಬಳಿಕ ಕುತ್ತಿಗೆಯನ್ನಷ್ಟೇ ಹೆಪ್ಪುಗಟ್ಟಿಸಿ ಮುಚ್ಚಳ ತೆಗೆದರೆ ಒಳಗಿನ ಒತ್ತಡಕ್ಕೆ ಗಷ್ಟಿನ ಗಡ್ಡೆ ಹೊರಗೆ ಹಾರುತ್ತದೆ. ಕಡಿಮೆಯಾದಷ್ಟನ್ನು ತುಂಬಿ, ಬಿರಡೆ ಹಾಕಿ, ತಂತಿ ಬಿಗಿದು ಮಾರಾಟಕ್ಕೆ ಕಳಿಸುತ್ತಾರೆ.

ನಮ್ಮ ಕಂಪನಿ ಆ ವರ್ಷ ತರಿಸಿದ್ದು ಈ ಕೊನೆಯ ಕೆಲಸವನ್ನು ಮಾಡದೆ ಬಿಟ್ಟ ವೈನ್. ಉತ್ತರ ಇಟಲಿಯ ಗುಡ್ಡಗಳ ಕಡೆಯ ಒಬ್ಬ ಹಟಮಾರಿ ತಯಾರಕನದು. ಗಷ್ಟು ಒಳಗೇ ಇರಲಿ, ಕುಡಿಯುವ ಹೊತ್ತಿಗೆ ತೆಗೆಯಿರಿ ಎನ್ನುವುದು ಅವನ ಪಟ್ಟು. ಮಾಲೀಕರು ಉದ್ಘಾಟನೆಗೆ ಇದನ್ನೇ ಆರಿಸಿದ್ದರು, ಬೇರೆ ಯಾರ ಹತ್ತಿರವೂ ಇಲ್ಲ ಎಂಬ ಕಾರಣಕ್ಕೆ. ಪೆಟ್ಟಿಗೆ ಒಡೆದು ನೋಡಿದಾಗ ಮುಖ ಸಣ್ಣದಾಯಿತು.

“ಇದೆಂತ, ಬಿಯರಿನ ಮುಚ್ಚಳ? ಬಿರಡೆ ಎಲ್ಲಿ?”

ನಿಜ, ಬಾಯಿಗೆ ಇದ್ದದ್ದು ಬಿಯರ್ ಬಾಟಲಿಯ ಹಾಗಿನ ತಗಡಿನ ಮುಚ್ಚಳ. ಹುದುಗುವಾಗ ಹಾಕುವುದು ಅದನ್ನೇ. ತೆರೆಯುವ ರೀತಿಯನ್ನೂ ವಿವರಿಸಿದೆ: ಕುತ್ತಿಗೆ ಕೆಳಗಾಗಿಯೇ ಇಟ್ಟು ಚೆನ್ನಾಗಿ ತಣಿಸಿದ ಬಾಟಲಿಯನ್ನು ಹಾಗೆಯೇ ಎತ್ತಿ, ಬಾಯಿಯನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ, ನೀರಿನೊಳಗೇ ಮುಚ್ಚಳ ಎಬ್ಬಿಸಬೇಕು. ಗಷ್ಟು ನೀರಿಗೆ ಹಾರಿದ ಕ್ಷಣವೇ ಹೆಬ್ಬೆರಳು ಒತ್ತಿ ಬಾಟಲಿಯನ್ನು ನೆಟ್ಟಗೆ ಮಾಡಬೇಕು.

ಮಾತು ಮುಗಿಯುವ ಮೊದಲೇ ಕ್ಯಾಪ್ಟನ್ ನನ್ನ ಮುಖ ನೋಡಿದರು. ನಾನೂ ಅವರ ಕೈ ನೋಡುತ್ತಿದ್ದೆ.

“ಬೇಡ,” ಎಂದರು ಮಾಲೀಕರು. “ಜನ ಎಂತ ಹೇಳ್ತಾರೆ? ಗ್ರಾಂಟ್ ರೋಡ್ ಬಿಟ್ಟು ಬಂದರೂ ಬುದ್ಧಿ ಬಿಡ್ಲಿಲ್ಲ ಅಂತ.”

ಈ ಕೆಲಸದ ಇಡೀ ದಿಕ್ಕು ಬದಲಾದದ್ದು ಇಲ್ಲಿ. ಬಾಟಲಿಗಳನ್ನು ವಾಪಸ್ ಕಳಿಸಿ ಸಾದಾ ಪ್ರೊಸೆಕೊ ಕೊಟ್ಟಿದ್ದರೆ ನನ್ನ ಕೆಲಸವೂ ಹಗುರಾಗುತ್ತಿತ್ತು. ಆದರೆ ನನಗೆ ವಾದಕ್ಕೆ ಒಳ್ಳೆಯ ವಿಷಯ ಸಿಕ್ಕಿತ್ತು. “ಅಣ್ಣಾ, ಇಟಲಿಯವ್ರು ಮಾಡಿದ್ರ ಸಂಪ್ರದಾಯ, ಗ್ರಾಂಟ್ ರೋಡಿನವ್ರು ಮಾಡಿದ್ರ ಹೊಲಸು. ಯಾವ ನ್ಯಾಯ ಇದು? ಅಲ್ಲಿ ಇಲ್ಲದ ಗ್ಲಿಸರಿನ್ ತೆಗೀತಿದ್ರು, ಇಲ್ಲಿ ಇರೋ ಗಷ್ಟು ತೆಗೀತಾರ. ಕೈ ಒಂದ. ಮುಂಬೈಯೊಳಗ ಈ ಕೈ ಇರೋರು ನಿಮ್ಮ ಹತ್ರ ಅದಾರ. ಅವ್ರನ್ನ ಮುಚ್ಚಿಡ್ತೀರಿ?” ಎಂದೆ. ಮಾಲೀಕರು ಗೋಡೆಯ ಇಟ್ಟಿಗೆಗಳ ಕಡೆ ತಿರುಗಿದರು. ಅವರ ತಲೆಯಲ್ಲಿ ಆಗಲೇ ಗಾಜಿನ ದೊಡ್ಡ ಬೋಗುಣಿ, ಮೇಲಿನಿಂದ ಬೀಳುವ ಬೆಳಕು, ಮೊಬೈಲ್ ಎತ್ತಿ ಹಿಡಿದ ಜನ ಎಲ್ಲ ಬಂದುಹೋದ ಹಾಗಿತ್ತು.

“ನಿನ್ನ ಬಾಯಿ ಭಾರೀ ಉಂಟಮ್ಮಾ. ಆಯ್ತು, ಮಾಡಿ ತೋರಿಸಿ.”

ಮಾಡಿ ತೋರಿಸುವುದು ಸುಲಭವಿರಲಿಲ್ಲ. ಪ್ರಯೋಗಕ್ಕೆಂದು ಕಂಪನಿ ಕೆಲವು ಬಾಟಲಿ ಕೊಟ್ಟಿತ್ತು. ಮೊದಲನೆಯದನ್ನು ಫ್ರಿಜ್ಜಿನಿಂದ ತೆಗೆದು ಅಡಿಗೆಮನೆಯ ಸಿಂಕಿನಲ್ಲಿ ತೆರೆದೆವು. ಫ್ರಿಜ್ಜಿನಲ್ಲಿ ಅದು ನೆಟ್ಟಗೆ ನಿಂತಿತ್ತು. ಬೋರಲು ಮಾಡಿದ ಕೂಡಲೇ ಗಷ್ಟು ಬಾಟಲಿ ತುಂಬ ಕದಡಿ, ಬಂದದ್ದು ಅಕ್ಕಿ ತೊಳೆದ ನೀರು. ಎರಡನೆಯದನ್ನು ಕುತ್ತಿಗೆ ಕೆಳಗೆ ಮಾಡಿಯೇ ಇಟ್ಟಿದ್ದೆವು, ಆದರೆ ಸ್ಟೋರಿನ ಸೆಕೆಯಲ್ಲಿ. ಬೆಚ್ಚಗಿನ ವೈನ್ ಅನಿಲವನ್ನು ಹಿಡಿದುಕೊಳ್ಳುವುದಿಲ್ಲ. ಮುಚ್ಚಳ ಸಡಿಲವಾದದ್ದೇ ತಡ, ಓಪನರ್ ಸಮೇತ ಹಾರಿಹೋಗಿ, ಅರ್ಧ ಬಾಟಲಿ ನೆಲಕ್ಕೆ. ಕ್ಯಾಪ್ಟನ್ನರ ಹೆಬ್ಬೆರಳು ಕೆಂಪಾಗಿ ಊದಿತು.

“ಬಿಯರ್ ಹೀಗೆ ಮಾಡುದಿಲ್ಲ ಟೀಚರ್. ಬಿಯರಿಗೆ ಮರ್ಯಾದೆ ಉಂಟು,” ಎಂದರು.

“ಬಿಯರಿಗೆ ಇಷ್ಟು ಪ್ರೆಶರ್ ಇಲ್ಲ ಕಾಕಾ.”

“ಅದೇ ಹೇಳಿದ್ದು, ಮರ್ಯಾದೆ.”

ಆಮೇಲೆ ಅವರೇ ಬಿಯರಿನ ಪ್ಲಾಸ್ಟಿಕ್ ಕ್ರೇಟುಗಳನ್ನು ತಂದು, ಅವುಗಳ ಮನೆಗಳಲ್ಲಿ ಬಾಟಲಿಗಳನ್ನು ಬೋರಲು ಕೂರಿಸಿ, ಕೋಲ್ಡ್ ರೂಮಿನಲ್ಲಿ ಪನೀರ್ ಡಬ್ಬಗಳ ಹಿಂದೆ ಇಟ್ಟರು. ಪ್ರತಿ ಬಾಟಲಿಯ ತಳಕ್ಕೆ ನಾನು ಸೀಮೆಸುಣ್ಣದ ಗೆರೆ ಎಳೆದೆ. ಇಟಲಿಯ ನೆಲಮಾಳಿಗೆಗಳಲ್ಲೂ ಹೀಗೆ ಗುರುತು ಹಾಕುತ್ತಾರೆ, ಎಷ್ಟು ತಿರುಗಿಸಿದ್ದೇವೆ ಎಂದು ತಿಳಿಯಲು. ಕ್ಯಾಪ್ಟನ್ ಬೆಳಿಗ್ಗೆ ಬಂದವರೇ ದೇವರ ಫೋಟೋಗೆ ಊದುಬತ್ತಿ ಹಚ್ಚಿ, ನೇರ ಕೋಲ್ಡ್ ರೂಮಿಗೆ ಹೋಗಿ ಎಲ್ಲ ಬಾಟಲಿಗಳನ್ನೂ ಕಾಲು ಸುತ್ತು ತಿರುಗಿಸುತ್ತಿದ್ದರು. ಎಲ್ಲ ಗೆರೆಗಳೂ ಒಂದೇ ಕಡೆ ಮುಖ ಮಾಡಿರಬೇಕು. ಮೊಬೈಲಿನ ಟಾರ್ಚ್ ಹಿಡಿದು ನೋಡಿದರೆ ದಿನದಿಂದ ದಿನಕ್ಕೆ ಗಷ್ಟು ಪಕ್ಕೆಯಿಂದ ಜಾರಿ, ಕೊನೆಗೆ ಮುಚ್ಚಳದ ಮೇಲೆ ಕೆನೆಯ ಹಾಗೆ ಕೂತಿತು.

ಹಾಗೆ ಇಟ್ಟ ಮೊದಲ ಬಾಟಲಿ ತೆರೆದ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ನೀರಿನೊಳಗೆ ‘ಠಪ್’ ಎಂದು ಮಂದವಾದ ಒಂದು ಶಬ್ದ. ಬಿಳಿ ಮೋಡ ನೀರಿಗೆ ಹರಡಿತು. ಹೆಬ್ಬೆರಳು ಎಲ್ಲಿತ್ತೋ, ಮಣಿಕಟ್ಟು ಯಾವಾಗ ತಿರುಗಿತೋ, ಬಾಟಲಿ ಆಗಲೇ ನೆಟ್ಟಗಾಗಿತ್ತು. ಗ್ಲಾಸಿಗೆ ಹಾಕಿದರೆ ತಿಳಿ ಹೊಂಬಣ್ಣ, ಸಣ್ಣ ಗುಳ್ಳೆಗಳ ದಾರ. ಕ್ಯಾಪ್ಟನ್ ಗ್ಲಾಸಿನ ಹಿಂದೆ ಪೇಪರ್ ಹಿಡಿದು, “ಓದ್ಲಿಕ್ಕೆ ಆಗ್ತದೆ,” ಎಂದರು. ಮೂಸಿ ನೋಡಿ, “ಇರಾನಿ ಹೋಟೆಲಿನ ಬ್ರುನ್ ಪಾವ್. ಅದರ ಕಂದಿದ ತಳ,” ಎಂದರು. ವರ್ಷಗಟ್ಟಲೆ ಯೀಸ್ಟಿನ ಜೊತೆ ಮಲಗಿದ ವೈನಿಗೆ ಸುಟ್ಟ ಬ್ರೆಡ್ಡಿನ ಪರಿಮಳ ಬರುತ್ತದೆ ಎಂದು ನಾನು ಹೇಳಿಕೊಡಲು ಸಿದ್ಧವಾಗಿದ್ದೆ. ಹೇಳುವ ಅಗತ್ಯ ಬೀಳಲಿಲ್ಲ.

ಮಾಲೀಕರನ್ನೂ ಸೇರಿಸಿ ಎಲ್ಲರಿಗೂ ಒಂದೇ ನಿಯಮ ಹೇಳಿದೆ: ಯಾವ ಕಾರಣಕ್ಕೂ ಈ ಬಾಟಲಿಗಳನ್ನು ನಿಲ್ಲಿಸಬೇಡಿ. ಒಮ್ಮೆ ನಿಲ್ಲಿಸಿದರೆ ಗಷ್ಟು ಕದಡುತ್ತದೆ, ಮತ್ತೆ ಮೊದಲಿನಿಂದ ದಿನಗಟ್ಟಲೆ ಕಾಯಬೇಕು. ಎಲ್ಲರೂ ತಲೆಯಾಡಿಸಿದರು.

ಉದ್ಘಾಟನೆಯ ದಿನ ನಾನು ಕಂಪನಿಯ ಗೋದಾಮಿನಿಂದ ಗ್ಲಾಸುಗಳನ್ನೂ ಗಾಜಿನ ಬೋಗುಣಿಯನ್ನೂ ಟ್ಯಾಕ್ಸಿಯಲ್ಲಿ ತರುತ್ತಿದ್ದೆ. ಹೈವೇಯಲ್ಲಿ ಟ್ರಾಫಿಕ್ ಕಟ್ಟಿಕೊಂಡು, ನಾನು ತಲುಪುವ ಹೊತ್ತಿಗೆ ಅತಿಥಿಗಳು ಬರತೊಡಗಿದ್ದರು. ಕ್ರೇಟಿನಲ್ಲಿ ಬಾಟಲಿಗಳು ಬೋರಲಾಗಿಯೇ ಇದ್ದವು. ಕ್ಯಾಪ್ಟನ್ ಹೊಸ ಕಪ್ಪು ವೇಸ್ಟ್‌ಕೋಟಿನಲ್ಲಿದ್ದರು. “ಎಲ್ಲಾ ಬರೋಬ್ಬರಿ ಅದನ ಕಾಕಾ?” ಎಂದು ಕೇಳಿದೆ. “ಬೋಗುಣಿ ಎಲ್ಲಿಡುದು?” ಎಂದರು. ಅದು ನನ್ನ ಪ್ರಶ್ನೆಗೆ ಉತ್ತರವಲ್ಲ ಎಂದು ನನಗೆ ಹೊಳೆಯಬೇಕಾದರೆ ಮರುದಿನವಾಗಬೇಕಾಯಿತು.

ಮಾಲೀಕರು ಭಾಷಣ ಮಾಡಿದರು. ಇಟಲಿಯ ಹಳೆಯ ಸಂಪ್ರದಾಯ, ಇವತ್ತು ನಮ್ಮ ಕಾಂದಿವಲಿಯಲ್ಲಿ, ಇತ್ಯಾದಿ. ದೀಪ ಸಣ್ಣದಾಯಿತು, ಬೋಗುಣಿಯ ಮೇಲೆ ಬೆಳಕು ಬಿತ್ತು. ಕ್ಯಾಪ್ಟನ್ ಬಾಟಲಿ ಎತ್ತಿದರು. ತೆರೆಯುವ ಮುನ್ನ ಒಂದು ಕ್ಷಣ ನಿಂತು ನೋಡಿದರು, ನನ್ನ ಕಡೆಗಲ್ಲ, ಮಾಲೀಕರ ಕಡೆಗೆ. ಮಾಲೀಕರು ಗೋಣು ಹಾಕಿದರು.

ಠಪ್ ಎನ್ನಲಿಲ್ಲ, ಬುಸ್ ಎಂದಿತು. ಬೋಗುಣಿಯ ನೀರೇ ಎದ್ದು ಬಂತು. ಹೆಬ್ಬೆರಳು ಒತ್ತಿದಷ್ಟೂ ಬದಿಯಿಂದ ಚಿಮ್ಮಿ, ಮುಂದಿನ ಟೇಬಲ್ಲಿನಲ್ಲಿದ್ದ ಅತ್ತಿಗೆಯ ಮಡಿಲಿಗೆ ಸುರಿಯಿತು. ಬಾಟಲಿಯಲ್ಲಿ ಉಳಿದದ್ದು ಮತ್ತೆ ಅದೇ ಅಕ್ಕಿ ತೊಳೆದ ನೀರು. ಆಗ ಮಾಲೀಕರು ಎರಡೂ ಕೈ ಎತ್ತಿ, ನಗುತ್ತಾ, ಇಡೀ ಹಾಲಿಗೆ ಕೇಳುವ ಹಾಗೆ ಕೂಗಿದರು: “ಇದು ಗ್ರಾಂಟ್ ರೋಡ್ ಅಲ್ಲ ಮಾರಾಯಾ!”

ಅಷ್ಟೇ ಸಾಕಾಗಿತ್ತು. ಹಿಂದಿನಿಂದ ಯಾರೋ, “ಗ್ಲಿಸರಿನ್ ಹೋಯ್ತಾ ಕ್ಯಾಪ್ಟನ್?” ಎಂದರು. ಇಡೀ ಹಾಲ್ ನಕ್ಕಿತು. ಅತ್ತಿಗೆಯೂ ನಕ್ಕರು. ಕ್ಯಾಪ್ಟನ್ನೂ ನಕ್ಕು, ಬಗ್ಗಿ ನೆಲ ಒರೆಸಿದರು. ರೀತಿ ತಪ್ಪಲ್ಲ, ಇದನ್ನು ತೆರೆಯುವುದೇ ಹೀಗೆ ಎಂದು ನಾನು ಎದ್ದು ನಿಂತು ಮೂರು ಭಾಷೆಗಳಲ್ಲಿ ಹೇಳಿದೆ. ವಾದಕ್ಕೆ ತೀರ್ಪುಗಾರರು ಬೇಕು. ಅಲ್ಲಿದ್ದವರು ಪ್ರೇಕ್ಷಕರು, ಅವರಿಗೆ ಬೇಕಾದದ್ದು ಸಿಕ್ಕಿಯಾಗಿತ್ತು.

ನಾನು ಕೋಲ್ಡ್ ರೂಮಿಗೆ ಹೋಗಿ ಉಳಿದ ಬಾಟಲಿಗಳನ್ನು ನೋಡಿದೆ. ಸೀಮೆಸುಣ್ಣದ ಗೆರೆಗಳು ದಿಕ್ಕಿಗೊಂದರಂತೆ ತಿರುಗಿದ್ದವು. ಟಾರ್ಚ್ ಹಿಡಿದರೆ ಎಲ್ಲದರಲ್ಲೂ ಮಂಜು. ಯಾರೋ ಇವನ್ನು ಹೊರಗೆ ತೆಗೆದು ಮತ್ತೆ ತಂದಿಟ್ಟಿದ್ದರು. ಯಾರು, ಯಾಕೆ ಎಂಬುದು ಗೊತ್ತಾಗಲು ನಾನು ಪತ್ತೇದಾರಿಕೆ ಮಾಡಬೇಕಾಗಲಿಲ್ಲ. ಮರುದಿನ ಬೆಳಿಗ್ಗೆ ಲೋಕಲ್ ರೈಲಿನಲ್ಲಿ ಮೊಬೈಲ್ ತೆರೆದಾಗ ರೆಸ್ಟೊರೆಂಟಿನವರೇ ಹಿಂದಿನ ಮಧ್ಯಾಹ್ನ ಹಾಕಿದ್ದ ಫೋಟೋ ಕಂಡಿತು. ಕೌಂಟರ್ ಮೇಲೆ ಸಾಲಾಗಿ ನಮ್ಮ ಬಾಟಲಿಗಳು. ಲೇಬಲ್ ಮುಂದೆ, ಮೇಲೆ ಮೂರು ದೊಡ್ಡ ಲೈಟು. ಎಲ್ಲವೂ ನೆಟ್ಟಗೆ ನಿಂತಿದ್ದವು.

ನೇರ ಕಾಂದಿವಲಿಯಲ್ಲಿ ಇಳಿದೆ. ಮಾಲೀಕರು ಇಡ್ಲಿ ತಿನ್ನುತ್ತಿದ್ದರು. ಫೋಟೋ ಮುಂದೆ ಹಿಡಿದು ಒಂದೊಂದಾಗಿ ಪ್ರಶ್ನೆ ಇಟ್ಟೆ. ನಿಲ್ಲಿಸಿದ್ದು ಯಾರು? ಅಷ್ಟು ಲೈಟಿನ ಕೆಳಗೆ ಬೆಚ್ಚಗಾಗದೆ ಇರುತ್ತದೆಯೇ? ಆಮೇಲೆ ಎಷ್ಟು ಐಸ್ ಸುರಿದರೂ ಗಷ್ಟು ಕೂರಲು ಸಮಯ ಎಲ್ಲಿತ್ತು? ಅವರು ಅಡ್ಡ ಮಾತಾಡಲಿಲ್ಲ. ಇಡ್ಲಿ ಮುಗಿಸಿ, ಕೈ ತೊಳೆದು ಬಂದು ಕೂತರು.

“ಫೋಟೋದವನು ಬೋರಲು ಬಾಟ್ಲಿಯಲ್ಲಿ ಲೇಬಲ್ ಉಲ್ಟಾ ಕಾಣ್ತದೆ ಅಂದ. ನಾನೇ ನಿಲ್ಲಿಸ್ಲಿಕ್ಕೆ ಹೇಳಿದೆ. ಕ್ಯಾಪ್ಟನ್ 'ಬೇಡ ಧನಿ, ಇವತ್ತು ಆಗುದಿಲ್ಲ, ಬೇರೆ ವೈನ್ ಕೊಡುವ' ಅಂದ. ಅಷ್ಟು ಜನರನ್ನು ಕರೆದಿದ್ದೇನೆ, ತೆರಿ ಅಂದೆ. ತೆರೆದ. ನೀನು ಗೆದ್ದೆ. ಈಗ ಎಂತ ಮಾಡುದು ಹೇಳು.”

ನಾನು ಮೊಬೈಲನ್ನು ಮೇಜಿನ ಮೇಲಿಟ್ಟೆ. “ಬಂದಿದ್ದವ್ರಿಗೆ ಹೇಳ್ರಿ. ಅವರ ತಪ್ಪಲ್ಲ ಅಂತ.”

“ಅತ್ತಿಗೆಗೆ ಫೋನ್ ಮಾಡಿ, ಗಷ್ಟು ಕೂತಿರ್ಲಿಲ್ಲ ಅಂತ ಹೇಳ್ಲಾ?” ನಕ್ಕರು. ಆಮೇಲೆ ನಗು ಬಿಟ್ಟರು. “ನೋಡಮ್ಮಾ, ನಾನು ತಪ್ಪಿದೆ ಅಂತಾದ್ರೆ, ಇವನಿಗೆ ಇಟಾಲಿಯನ್ ಎಲ್ಲಿ ಗೊತ್ತುಂಟು ಅಂತಾರೆ. ಅವನು ತಪ್ಪಿದ ಅಂತಾದ್ರೆ ಜನ ನಗಾಡ್ತಾರೆ. ನಗಾಡಿದವರು ಒಮ್ಮೆ ನೋಡುವ ಅಂತ ಬರ್ತಾರೆ. ನಿನ್ನೆಯಿಂದ ಫೋನ್ ನಿಲ್ತಾ ಇಲ್ಲ ನನಗೆ.”

“ಮತ್ತ ಕಾಕಾ?”

“ಇನ್ನು ಅವನು ಇಲ್ಲಿ ನಿಂತರೆ ಪ್ರತಿ ಟೇಬಲ್ಲಿನವನೂ ಗ್ಲಿಸರಿನ್ ಕೇಳ್ತಾನೆ. ಅವನಿಗೆ ಬೇರೆ ಕಡೆ ಹೇಳಿದ್ದೇನೆ. ನಡುನೀರಿನಲ್ಲಿ ಬಿಡುದಿಲ್ಲ ನಾನು.”

ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ನಿಮ್ಮ ಪ್ರತಿಯೊಂದು ಅಂಶವನ್ನೂ ಒಪ್ಪಿದರೆ ಬಹುಮಾನ ನಿಮಗೆ. ಇಲ್ಲಿ ಪ್ರತಿಯೊಂದನ್ನೂ ಒಪ್ಪಿದ ಮನುಷ್ಯ ತನ್ನ ಚಹಾ ತರಿಸಿಕೊಂಡ, ನನಗೂ ಒಂದು ತರಿಸಿದ. ನನ್ನ ಮೇಲಿನವರಿಗೆ ವಿಷಯ ತಿಳಿಸಿದೆ. ಮಾಲೀಕರು ಖುಷಿಯಾಗಿದ್ದಾರೆ, ಮತ್ತಷ್ಟು ಪೆಟ್ಟಿಗೆ ಕೇಳಿದ್ದಾರೆ, ನಿನಗೇನು ಕಷ್ಟ ಎಂದರು.

ಆ ರೆಸ್ಟೊರೆಂಟಿಗೆ ಈಗಲೂ ಹೋಗುತ್ತೇನೆ, ಹೊಸಬರು ಸೇರಿದಾಗಲೆಲ್ಲ. ಬೋರಲು ಬಾಟಲಿ ಅಲ್ಲಿನ ವಿಶೇಷವಾಗಿದೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಹುಡುಗಿಯೊಬ್ಬಳು ಕಪ್ಪು ಏಪ್ರನ್ ಕಟ್ಟಿ, ಗಾಜಿನ ಬೋಗುಣಿಯಲ್ಲಿ ತೆರೆಯುತ್ತಾಳೆ. ಒಂದು ಹನಿ ಹೊರಗೆ ಬೀಳುವುದಿಲ್ಲ. ಕೋಲ್ಡ್ ರೂಮಿನಲ್ಲಿ ಅದೇ ಬಿಯರ್ ಕ್ರೇಟುಗಳು, ತಳದಲ್ಲಿ ಸೀಮೆಸುಣ್ಣದ ಗೆರೆ, ಬಾಗಿಲಿಗೆ ‘ನಿಲ್ಲಿಸಬೇಡಿ’ ಎಂದು ಹಿಂದಿಯಲ್ಲಿ ಚೀಟಿ. ತೆರೆಯುವ ಮುನ್ನ ಆ ಹುಡುಗಿ ಇಟಲಿಯ ಸಂಪ್ರದಾಯದ ಬಗ್ಗೆ ನಾಲ್ಕು ಮಾತಾಡುತ್ತಾಳೆ. ಅದೂ ನಾನು ಬರೆದುಕೊಟ್ಟದ್ದೇ. ಉದ್ಘಾಟನೆಯ ದಿನದ ಫೋಟೋವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಒಳಬರುವ ಕಡೆ ತೂಗುಹಾಕಿದ್ದಾರೆ. ನೆಟ್ಟಗೆ ನಿಂತ ಬಾಟಲಿಗಳ ಸಾಲು. ಅಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ.

ಕ್ಯಾಪ್ಟನ್ ಊರಿಗೆ ಹೋದರು ಎಂದೇ ನಾನು ತಿಳಿದಿದ್ದೆ. ಮೊನ್ನೆ ದಹಿಸರ್ ಸ್ಟೇಷನ್ ಹತ್ತಿರ ನಡೆದು ಬರುವಾಗ, ಒಂದು ಫ್ಯಾಮಿಲಿ ಬಾರಿನ ಗಾಜಿನಾಚೆ ಆ ಮಣಿಕಟ್ಟು ಕಂಡಿತು. ಮುಖಕ್ಕಿಂತ ಮೊದಲು ಗುರುತು ಸಿಕ್ಕಿದ್ದು ಅದೇ. ಒಳಗೆ ಹೋಗಿ ಮೂಲೆಯ ಟೇಬಲ್ಲಿನಲ್ಲಿ ಕೂತೆ. ಅವರು ನನ್ನನ್ನು ನೋಡಿರಲಿಲ್ಲ. ಪಕ್ಕದ ಟೇಬಲ್ಲಿನವರಿಗೆ ಬಿಯರ್ ಬಾಟಲಿಯನ್ನು ಜಗ್ಗಿಗೆ ಅದ್ದಿ ಹಿಡಿದು, ಕತೆ ಹೇಳುತ್ತಿದ್ದರು, ಅರ್ಧ ಹಿಂದಿ, ಅರ್ಧ ಕನ್ನಡ.

“...ನನಗೆಂತ ಗೊತ್ತು ಅದು ಇಟಲಿಯದ್ದು ಅಂತ? ಮುಚ್ಚಳ ನೋಡಿದೆ, ಬಿಯರ್ ಅಂದ್ಕೊಂಡೆ! ಸೀದಾ ಬೋರಲು ಮಾಡಿ ಗ್ಲಿಸರಿನ್ ತೆಗೀಲಿಕ್ಕೆ ಹೋದೆ. ಧನಿಯ ಅತ್ತಿಗೆ, ಕಾಂಜೀವರಂ ಸೀರೆ, ಪೂರಾ ಸ್ನಾನ!”

ಟೇಬಲ್ಲಿನವರು ಮೇಜು ಗುದ್ದಿ ನಕ್ಕರು. ಒಬ್ಬ ಇನ್ನೊಂದು ಬಿಯರ್ ಹೇಳಿದ. ಮಾಲೀಕರು ಹೇಳುವುದಕ್ಕಿಂತ ಇವರು ಚೆನ್ನಾಗಿ ಹೇಳುತ್ತಿದ್ದರು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಹುಬ್ಬು ಎತ್ತಬೇಕು ಎಂದು ತಿಳಿದಿತ್ತು. ಬಹಳ ಸಲ ಹೇಳಿರಬೇಕು.

ತಿರುಗಿದಾಗ ನನ್ನನ್ನು ಕಂಡರು. ಮುಖ ಅರಳಿತು, ಮರುಕ್ಷಣ ಮುದುಡಿತು. “ಅರೆ, ಟೀಚರ್! ಎಂತ ಕೊಡ್ಲಿ? ನಿಂಬೆ ಸೋಡಾ?” ಎಂದು ಬಂದು, ಒರೆಸಿದ ಮೇಜನ್ನೇ ಮತ್ತೆ ಒರೆಸಿದರು. ಈ ಬಾರ್ ಧನಿಯ ಭಾವನದಂತೆ. ಧನಿಯೇ ಮಾತಾಡಿ ಸೇರಿಸಿದ್ದಂತೆ. ಫ್ಲೋರ್ ಮೇಲೆಯೇ ಕೆಲಸ, ತೊಂದರೆ ಇಲ್ಲ, ಗಿರಾಕಿಗಳು ಕತೆ ಹೇಳಿ ಕತೆ ಹೇಳಿ ಅಂತ ಕೇಳುತ್ತಾರಂತೆ. ಇಷ್ಟನ್ನೂ ನಾನು ಕೇಳದೆಯೇ ಹೇಳಿದರು.

“ಕಾಕಾ,” ಎಂದೆ. “ಧನಿ ನನ್ನ ಮುಂದ ಎಲ್ಲಾ ಒಪ್ಪಿದ್ರು. ನೀವು ಬ್ಯಾಡ ಅಂದದ್ದು, ಅವರು ತೆರಿ ಅಂದದ್ದು. ನಂಗೊತ್ತದ, ನಿಮಗ ಗೊತ್ತದ, ಅವರಿಗೂ ಗೊತ್ತದ.”

ಅವರು ಜಗ್ಗಿನ ನೀರನ್ನು ಹತ್ತಿರದ ಗಿಡದ ಕುಂಡಕ್ಕೆ ಚೆಲ್ಲಿ, ಹೊಸ ನೀರು ತುಂಬಿದರು. ಆ ಟೇಬಲ್ಲಿಗೆ ಇನ್ನೊಂದು ಬಿಯರ್ ಬಂದಿತ್ತು. ಮುಚ್ಚಳ ಕಿತ್ತು, ಹೆಬ್ಬೆರಳು ಒತ್ತಿ, ಬೋರಲು ಮಾಡಿದರು. ಇಲ್ಲದ ಗ್ಲಿಸರಿನ್ ಎಳೆ ಎಳೆಯಾಗಿ ನೀರಿಗೆ ಇಳಿಯತೊಡಗಿತು. ಅವರ ಕಣ್ಣು ಅದರ ಮೇಲಿತ್ತು.

“ಧನಿ ಸುಳ್ಳು ಹೇಳಿದ್ರ ಯಾಕಂತ ತಿಳೀತದ ಕಾಕಾ,” ಎಂದೆ. “ಬಾಟ್ಲಿ ನಿಲ್ಲಿಸಿದ್ದು ಯಾರು ಅಂತ ನೀವು ಹೇಳೋ ಕತಿಯೊಳಗ ಯಾಕಿಲ್ಲ?”

“ಅದು ಹೇಳಿದ್ರೆ ಗಿರಾಕಿ ನಗಾಡುದಿಲ್ಲ ಟೀಚರ್, ಗಿರಾಕಿ ನಗಾಡದಿದ್ರೆ ನಾನು ಇಲ್ಲಿ ನಿಲ್ಲುದು ಹೇಗೆ?”